ತೋಟದ ಹಳೆಯ ಸಣ್ಣ ಟ್ರ್ಯಾಕ್ಟರು: ವಿದ್ಯುತ್ ತಂತಿಗಳ ದೋಷ ಪತ್ತೆ ಮತ್ತು ದುರಸ್ತಿ

ಅಡಿಕೆ ಸಸಿಗಳನ್ನು ಸಾಮಾನ್ಯವಾಗಿ 2.7 ಮೀಟರ್ ಅಂತರದಲ್ಲಿ ನೆಡುವ ನಮ್ಮ ತೋಟಗಳಲ್ಲಿ ದೊಡ್ಡ ಟ್ರ್ಯಾಕ್ಟರಿಗೆ ಕೆಲಸವಿಲ್ಲ. ಕಾಫಿ ತೋಟದ ಕಿರುದಾರಿಗಳಲ್ಲಿಯೂ ಅಷ್ಟೇ. ಆದುದರಿಂದಲೇ ಪವರ್ ಟಿಲ್ಲರ್ ಮತ್ತು ಇಪ್ಪತ್ತು ಅಶ್ವಶಕ್ತಿಯ ಒಳಗಿನ ಸಣ್ಣ ಟ್ರ್ಯಾಕ್ಟರುಗಳು ಬೆಳೆಗಾರರ ಕೊಟ್ಟಿಗೆ ಸೇರಿದವು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ತಾಂತ್ರಿಕ ಸಹಯೋಗದಿಂದ ತಯಾರಿಸಿದ ಯಂತ್ರಗಳೂ, 1973ರಲ್ಲಿ ಕೇರಳದಲ್ಲಿ ಆರಂಭವಾದ ಕಾಮ್ಕೋ ಸಂಸ್ಥೆಯ ಟಿಲ್ಲರುಗಳೂ ಮಲೆನಾಡು, ಕರಾವಳಿಗಳಲ್ಲಿ ಇಂದಿಗೂ ದುಡಿಯುತ್ತಿವೆ. ಇವುಗಳ ಎಂಜಿನ್ ಸುಲಭಕ್ಕೆ ಸೋಲುವುದಿಲ್ಲ. ಸೋಲುವುದು ತಂತಿಗಳು.

ಮಳೆ ಹಿಡಿಯುವ ಮೊದಲು ಕೊಳೆರೋಗದ ಔಷಧಿ ಹೊಡೆದು ಮುಗಿಸಬೇಕು. ಡ್ರಮ್ಮು ತುಂಬಿ ನಿಂತಿದೆ, ಆಳುಗಳು ಬಂದಿದ್ದಾರೆ, ಕೀಲಿ ತಿರುಗಿಸಿದರೆ ಟ್ರ್ಯಾಕ್ಟರು ಸದ್ದೇ ಮಾಡದು. ಇಂತಹ ಹೊತ್ತಿನಲ್ಲಿ ಹೊಸ ಬ್ಯಾಟರಿ ತಂದು ಹಾಕುವುದು, ಅದರಿಂದಲೂ ಆಗದಿದ್ದರೆ ಸೆಲ್ಫ್ ಮೋಟಾರನ್ನು ಬಿಚ್ಚಿ ಪೇಟೆಗೆ ಕಳುಹಿಸುವುದು ನಮ್ಮಲ್ಲಿ ವಾಡಿಕೆ. ಹಣವೂ ಹೋಗುತ್ತದೆ, ಬಿಸಿಲಿನ ದಿನಗಳೂ ಹೋಗುತ್ತವೆ. ಕೊನೆಗೆ ದೋಷ ಸಿಗುವುದು ತುಕ್ಕು ಹಿಡಿದ ಒಂದು ಬೋಲ್ಟಿನಲ್ಲಿ. ಮೊದಲು ಅಳೆಯಬೇಕು, ಆಮೇಲೆ ಬಿಚ್ಚಬೇಕು, ಕೊಳ್ಳುವುದು ಎಲ್ಲಕ್ಕೂ ಕೊನೆಗೆ. ಈ ಪಾಠದ ಸಾರ ಇಷ್ಟೆ.

ಹನ್ನೆರಡು ವೋಲ್ಟಿನ ಸ್ವಭಾವ

ಮನೆಯ ವಿದ್ಯುತ್ತಿಗೂ ಟ್ರ್ಯಾಕ್ಟರಿನ ವಿದ್ಯುತ್ತಿಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ಯುವಾಗ ಅದನ್ನು ಸುಮಾರು 30,000 ವೋಲ್ಟಿಗೆ ಏರಿಸಿ ಕಳುಹಿಸಿದರು. ವೋಲ್ಟ್ ಹೆಚ್ಚಾದಷ್ಟೂ ಅದೇ ಶಕ್ತಿಗೆ ಹರಿಯಬೇಕಾದ ಆಂಪಿಯರ್ ಕಡಿಮೆ. ಆಂಪಿಯರ್ ಕಡಿಮೆಯಾದರೆ ದಾರಿಯಲ್ಲಿ ಸೋರುವ ಶಕ್ತಿಯೂ ಕಡಿಮೆ.

ಟ್ರ್ಯಾಕ್ಟರಿನಲ್ಲಿ ಲೆಕ್ಕ ತಲೆಕೆಳಗು. ಮನೆಯ 1,000 ವಾಟಿನ ಇಸ್ತ್ರಿ ಪೆಟ್ಟಿಗೆ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. 12 ವೋಲ್ಟಿನಲ್ಲಿ 1,200 ವಾಟಿನ ಸೆಲ್ಫ್ ಮೋಟಾರು 100 ಆಂಪಿಯರ್ ಎಳೆಯುತ್ತದೆ. ತಿರುಗಲು ಆರಂಭಿಸುವ ಕ್ಷಣದಲ್ಲಿ ಇನ್ನೂ ಹೆಚ್ಚು. ದಾರಿಯಲ್ಲಿ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ತಡೆ ಇದ್ದರೂ ಅಲ್ಲಿ ಒಂದು ವೋಲ್ಟ್ ನಷ್ಟ. ಟರ್ಮಿನಲ್ ಮೇಲಿನ ಬಿಳಿ ಹುಡಿ, ಸಡಿಲವಾದ ನಟ್ಟು, ಬಣ್ಣದ ಮೇಲೆ ಕೂರಿಸಿದ ಅರ್ತ್ ಲಗ್, ಇಷ್ಟು ಸಾಕು, ಗಟ್ಟಿ ಬ್ಯಾಟರಿಯೂ ಸತ್ತಂತೆ ಕಾಣುತ್ತದೆ.

ಇನ್ನೊಂದು ವಿಷಯ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮರಳಿ ಬ್ಯಾಟರಿಗೆ ಬಂದರಷ್ಟೇ ಕೆಲಸ ನಡೆಯುತ್ತದೆ. ಹೋಗುವ ದಾರಿ ತಂತಿ. ಬರುವ ದಾರಿ ಬಹುಮಟ್ಟಿಗೆ ಟ್ರ್ಯಾಕ್ಟರಿನ ಕಬ್ಬಿಣದ ಮೈಯೇ. ಇದಕ್ಕೆ ಅರ್ತ್ ಎನ್ನುತ್ತೇವೆ. ಹಳೆಯ ಯಂತ್ರಗಳ ದೋಷ ಬಹುಪಾಲು ಈ ಬರುವ ದಾರಿಯಲ್ಲಿಯೇ ಇರುತ್ತದೆ, ಯಾರೂ ನೋಡದಿರುವುದೂ ಅದನ್ನೇ. ಸಾಮಾನ್ಯವಾಗಿ ಬ್ಯಾಟರಿಯ ನೆಗೆಟಿವ್ ಮೈಗೆ ಸೇರಿರುತ್ತದೆ. ಬಹಳ ಹಳೆಯ ಬ್ರಿಟಿಷ್ ವಿನ್ಯಾಸದ ಕೆಲವು ಟ್ರ್ಯಾಕ್ಟರುಗಳಲ್ಲಿ ಪಾಸಿಟಿವ್ ಮೈಗೆ ಸೇರಿರುವುದುಂಟು. ಯಾವುದೆಂದು ಕಣ್ಣಾರೆ ನೋಡಿಕೊಳ್ಳದೆ ಬ್ಯಾಟರಿ ಜೋಡಿಸಕೂಡದು. ಮುಂದಿನ ವಿವರಣೆಯೆಲ್ಲ ನೆಗೆಟಿವ್ ಅರ್ತ್ ಇರುವ ಯಂತ್ರಕ್ಕೆ.

ಕೈ ಹಾಕುವ ಮುನ್ನ

1. ಗೇರು ನ್ಯೂಟ್ರಲ್‌ನಲ್ಲಿರಲಿ. ಬ್ರೇಕು ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು. ಸೆಲ್ಫ್ ಪರೀಕ್ಷಿಸುವಾಗ ಎಂಜಿನ್ ಚಾಲೂ ಆಗದಂತೆ ಡೀಸೆಲ್ ನಿಲ್ಲಿಸುವ ಗುಂಡಿಯನ್ನು ಎಳೆದಿಡಬೇಕು.

2. ಕೆಳಗೆ ನಿಂತು ಸ್ಕ್ರೂ ಡ್ರೈವರಿನಿಂದ ಸೆಲ್ಫಿನ ಎರಡು ಟರ್ಮಿನಲ್‌ಗಳನ್ನು ಸೇರಿಸಿ ಎಂಜಿನ್ ಚಾಲೂ ಮಾಡುವ ಪದ್ಧತಿಯನ್ನು ಬಿಡತಕ್ಕದ್ದು. ಹೀಗೆ ಮಾಡುವಾಗ ನ್ಯೂಟ್ರಲ್ ಸ್ವಿಚ್ಚಿನ ರಕ್ಷಣೆ ಇರುವುದಿಲ್ಲ. ಗೇರಿನಲ್ಲಿದ್ದರೆ ಟ್ರ್ಯಾಕ್ಟರು ತಟಕ್ಕನೆ ಮುಂದೆ ನುಗ್ಗುತ್ತದೆ. ಎಂಜಿನ್ನಿನ ಪಕ್ಕ ನಿಂತವನು ಹಿಂದಿನ ಚಕ್ರದ ದಾರಿಯಲ್ಲಿಯೇ ಇರುತ್ತಾನೆ. ಲೋಕದ ಎಲ್ಲ ಕಡೆಯೂ ಟ್ರ್ಯಾಕ್ಟರುಗಳು ಈ ಬಗೆಯಲ್ಲಿ ಜೀವ ತೆಗೆದಿವೆ. ಕೀಲಿ ಕೆಟ್ಟಿದ್ದರೆ ಕೀಲಿಯನ್ನೇ ದುರಸ್ತಿ ಮಾಡಿಸಬೇಕು.

3. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ಕಿಡಿ ಕೂಡದು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ತಾಗಿದರೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

4. ಬಿಚ್ಚುವಾಗ ಅರ್ತ್ ತಂತಿ ಮೊದಲು, ಜೋಡಿಸುವಾಗ ಅರ್ತ್ ತಂತಿ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚ ಹೊರಟರೆ ಪಾನಾ ಮೈಗೆ ತಗಲಿದ ಕೂಡಲೇ ಬ್ಯಾಟರಿಯ ಪೂರ್ಣ ಶಕ್ತಿ ಪಾನಾದ ಮೂಲಕ ಹರಿದು ಕೈ ಸುಡುತ್ತದೆ. ಅರ್ತ್ ಮೊದಲೇ ಬಿಚ್ಚಿದ್ದರೆ ತಗಲಿದರೂ ಏನೂ ಆಗದು. ಕೈಯ ಉಂಗುರ, ಲೋಹದ ಗಡಿಯಾರಗಳನ್ನು ತೆಗೆದಿಡುವುದೂ ಇದೇ ಕಾರಣಕ್ಕೆ.

ಬೇಕಾದ ಸಲಕರಣೆ

ಹೆಚ್ಚೇನೂ ಬೇಡ. ಒಂದು ಪರೀಕ್ಷಾ ದೀಪ: 12 ವೋಲ್ಟ್, 5 ವಾಟಿನ ಬಲ್ಬು, ಹೋಲ್ಡರು, ಎರಡು ಉದ್ದ ತಂತಿ, ಒಂದರ ತುದಿಗೆ ಮೊಸಳೆ ಕ್ಲಿಪ್ಪು, ಇನ್ನೊಂದಕ್ಕೆ ಚೂಪು ಮೊಳೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಪಾನಾಗಳು, ಇಕ್ಕಳ, ಉಪ್ಪುಕಾಗದ, ತಂತಿಯ ಬ್ರಷ್, ಅಡುಗೆ ಸೋಡಾ, ವ್ಯಾಸಲೀನು. ಜೊತೆಗೆ ಒಂದು ನೋಟ್‌ಬುಕ್ಕು. ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದನ್ನು ಬಿಚ್ಚುವ ಮೊದಲೇ ಚಿತ್ರ ಬರೆದಿಡಬೇಕು. ಹಳೆಯ ಯಂತ್ರದಲ್ಲಿ ಹಿಂದಿನವರು ಸಿಕ್ಕ ಬಣ್ಣದ ತಂತಿ ಹಾಕಿರುವುದುಂಟು. ಬಣ್ಣವನ್ನು ನಂಬಬಾರದು, ತಂತಿಯ ಜಾಡು ಹಿಡಿದು ಹೋಗಬೇಕು.

ಪರೀಕ್ಷಾ ದೀಪಕ್ಕೂ ಮೀಟರಿಗೂ ಕೆಲಸ ಬೇರೆ ಬೇರೆ. ಎಳೆ ಕಡಿದು ಒಂದೇ ಎಳೆ ಉಳಿದ ತಂತಿಯಲ್ಲಿಯೂ ಮೀಟರು 12 ವೋಲ್ಟ್ ತೋರಿಸೀತು, ಏಕೆಂದರೆ ಮೀಟರಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ಹೊರೆ ಬಿದ್ದಾಗ ಮಾತ್ರ ತಂತಿಯ ಯೋಗ್ಯತೆ ತಿಳಿಯುತ್ತದೆ. ಆದುದರಿಂದ ಮೀಟರಿನ ಅಳತೆಯನ್ನು ದೀಪ ಉರಿಯುವಾಗ ಅಥವಾ ಸೆಲ್ಫ್ ತಿರುಗುವಾಗಲೇ ತೆಗೆದುಕೊಳ್ಳಬೇಕು.

ಮೊದಲು ಬ್ಯಾಟರಿ

ರಾತ್ರಿಯಿಡೀ ಸುಮ್ಮನೆ ನಿಂತ ಬ್ಯಾಟರಿಯ ಎರಡು ಕಂಬಗಳಿಗೆ ಮೀಟರು ಹಿಡಿದರೆ 12.6 ವೋಲ್ಟ್ ಎಂದರೆ ಪೂರ್ಣ ಚಾರ್ಜು, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆ ಎಂದರೆ ಚಾರ್ಜ್ ಮಾಡಿಸದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ನೀರು ಹಾಕುವ ಬ್ಯಾಟರಿಯಾದರೆ ಹೈಡ್ರೋಮೀಟರಿನಲ್ಲಿ ಆರು ಕೋಶಗಳನ್ನೂ ಅಳೆಯಬೇಕು. ಪೂರ್ಣ ಚಾರ್ಜಿನಲ್ಲಿ 1.240ರಿಂದ 1.260ರವರೆಗೆ ಇರುತ್ತದೆ. ಎಲ್ಲ ಕೋಶಗಳೂ ಸಮನಾಗಿ ಇಳಿದಿದ್ದರೆ ಚಾರ್ಜು ಸಾಲದು ಎಂದರ್ಥ. ಚಾರ್ಜ್ ಮಾಡಿದ ಮೇಲೂ ಒಂದೇ ಕೋಶ ಉಳಿದವುಗಳಿಗಿಂತ 0.050ಕ್ಕೂ ಹೆಚ್ಚು ಕೆಳಗಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯಿತು.

ಕೋಶಗಳಿಗೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಬಾವಿಯ ನೀರು, ಅಬ್ಬಿಯ ನೀರು ಎಷ್ಟೇ ತಿಳಿಯಾಗಿದ್ದರೂ ಕೂಡದು. ಟರ್ಮಿನಲ್ ಮೇಲಿನ ಹುಡಿಯನ್ನು ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಬಹುದು. ಆಗ ಮುಚ್ಚಳಗಳು ಭದ್ರವಾಗಿರಬೇಕು, ಸೋಡಾ ಒಳಗೆ ಇಳಿದರೆ ಆಮ್ಲ ಕೆಡುತ್ತದೆ. ಒರೆಸಿ, ಕಂಬ ಮತ್ತು ಲಗ್ಗುಗಳನ್ನು ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನು ಹಚ್ಚಬೇಕು. ಮೊದಲೇ ಹಚ್ಚಿ ಬಿಗಿಯುವುದು ಸರಿಯಲ್ಲ.

ಸೆಲ್ಫ್ ತಿರುಗದಿದ್ದರೆ

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಹಳೆಯ ಡೀಸೆಲ್ ಯಂತ್ರಗಳು ಒಮ್ಮೆ ಚಾಲೂ ಆದರೆ ಸಾಮಾನ್ಯವಾಗಿ ವಿದ್ಯುತ್ತಿಲ್ಲದೆಯೇ ಓಡುತ್ತವೆ. ಹೀಗಾಗಿ ವಿದ್ಯುತ್ ದೋಷ ಮುಖ್ಯವಾಗಿ ಕಾಣುವುದು ಚಾಲೂ ಮಾಡುವಾಗ. ಮುಂದಿನ ದೀಪ ಹಾಕಿಟ್ಟು ಕೀಲಿ ತಿರುಗಿಸಿ, ಕಿವಿಯನ್ನೂ ಕಣ್ಣನ್ನೂ ತೆರೆದಿಡಬೇಕು.

ಸದ್ದೂ ಇಲ್ಲ, ದೀಪವೂ ಇಲ್ಲ: ಬ್ಯಾಟರಿ ಬರಿದಾಗಿದೆ, ಇಲ್ಲವೇ ಕಂಬದ ಸಂಪರ್ಕ ಅಥವಾ ಮುಖ್ಯ ಫ್ಯೂಸ್ ಹೋಗಿದೆ.

ಟಕಟಕ ಸದ್ದು, ದೀಪ ಆರಿದಂತಾಗುವುದು: ಬ್ಯಾಟರಿ ಇಳಿದಿದೆ, ಅಥವಾ ದಪ್ಪ ಕೇಬಲ್ಲಿನ ಒಂದು ತುದಿ ಸಡಿಲ.

ಒಂದೇ ಟಕ್ ಸದ್ದು, ದೀಪ ಹಾಗೆಯೇ ಉರಿಯುವುದು: ಸೊಲೆನಾಯ್ಡ್ ಎಳೆದುಕೊಂಡಿದೆ, ಆದರೆ ಅದರ ಒಳಗಿನ ತಾಮ್ರದ ಸಂಪರ್ಕ ಸುಟ್ಟಿದೆ, ಇಲ್ಲವೇ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ.

ಸದ್ದಿಲ್ಲ, ದೀಪ ಚೆನ್ನಾಗಿ ಉರಿಯುವುದು: ಸೊಲೆನಾಯ್ಡಿಗೆ ಆಜ್ಞೆಯೇ ತಲುಪಿಲ್ಲ. ಕೀಲಿ, ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್ಚು, ನಡುವಿನ ಸಣ್ಣ ತಂತಿ, ಇವುಗಳಲ್ಲಿ ದೋಷ.

ಮೋಟಾರು ಗಿರ್ರೆಂದು ತಿರುಗಿದರೂ ಎಂಜಿನ್ ತಿರುಗದಿರುವುದು: ಇದು ತಂತಿಯ ದೋಷವಲ್ಲ, ಪಿನಿಯನ್ ಹಲ್ಲು ಕಚ್ಚುತ್ತಿಲ್ಲ.

ನಾಲ್ಕನೆಯ ಪ್ರಸಂಗದಲ್ಲಿ ಪರೀಕ್ಷಾ ದೀಪದ ಕ್ಲಿಪ್ಪನ್ನು ಎಂಜಿನ್ನಿನ ಶುಭ್ರವಾದ ಲೋಹಕ್ಕೆ ಕಚ್ಚಿಸಿ, ಮೊಳೆಯನ್ನು ಸೊಲೆನಾಯ್ಡಿನ ಸಣ್ಣ ಟರ್ಮಿನಲಿಗೆ ಹಿಡಿಯಬೇಕು. ಇನ್ನೊಬ್ಬರು ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಲಿ. ದೀಪ ಉರಿದರೆ ತಂತಿ ಸರಿ, ಸೊಲೆನಾಯ್ಡ್ ಕೆಟ್ಟಿದೆ. ಉರಿಯದಿದ್ದರೆ ಒಂದೊಂದೇ ಸಂಪರ್ಕ ಹಿಂದಕ್ಕೆ ಹೋಗಬೇಕು: ನ್ಯೂಟ್ರಲ್ ಸ್ವಿಚ್ಚಿನ ಆಚೆ, ಈಚೆ, ಕೀಲಿಯ ಹೊರ ಟರ್ಮಿನಲ್, ಒಳ ಟರ್ಮಿನಲ್. ದೀಪ ಉರಿಯುವ ಬಿಂದುವಿಗೂ ಉರಿಯದ ಬಿಂದುವಿಗೂ ನಡುವೆ ದೋಷ ಇದ್ದೇ ಇರುತ್ತದೆ.

ವೋಲ್ಟ್ ಎಲ್ಲಿ ಸೋರುತ್ತದೆ?

ಸೆಲ್ಫ್ ನಿಧಾನವಾಗಿ ಹೊರಳಿದರೆ ಈ ಪರೀಕ್ಷೆ ಮಾಡಬೇಕು. ಹೊಸ ಬ್ಯಾಟರಿಯ ಖರ್ಚು ಉಳಿಸುವುದು ಇದೇ. ಸಹಾಯಕನು ಕೆಲವೇ ಸೆಕೆಂಡು ಸೆಲ್ಫ್ ತಿರುಗಿಸಲಿ. ಆ ಹೊತ್ತಿನಲ್ಲಿ ನಾಲ್ಕು ಅಳತೆ. ಒಂದೊಂದು ಅಳತೆಯ ನಡುವೆ ಮೋಟಾರಿಗೆ ವಿಶ್ರಾಂತಿ ಕೊಡಬೇಕು.

ಒಂದು ಟ್ರ್ಯಾಕ್ಟರಿನ ಅಳತೆ ಹೀಗೆ ಬಂದಿತೆಂದು ಇಟ್ಟುಕೊಳ್ಳೋಣ. ಬ್ಯಾಟರಿಯ ಕಂಬದಿಂದ ಕಂಬಕ್ಕೆ 11.0 ವೋಲ್ಟ್. ಸೆಲ್ಫಿನ ದಪ್ಪ ಟರ್ಮಿನಲ್‌ನಿಂದ ಸೆಲ್ಫಿನ ಮೈಗೆ 8.2 ವೋಲ್ಟ್. ಅಂದರೆ ದಾರಿಯಲ್ಲಿ 2.8 ವೋಲ್ಟ್ ಮಾಯ. ಎಲ್ಲಿ? ಪಾಸಿಟಿವ್ ಕಂಬದಿಂದ ಸೆಲ್ಫಿನ ಟರ್ಮಿನಲಿಗೆ ಮೀಟರು ಹಿಡಿದರೆ 0.3, ಇದು ಸಲ್ಲುತ್ತದೆ, 0.5ರವರೆಗೆ ಚಿಂತೆಯಿಲ್ಲ. ನೆಗೆಟಿವ್ ಕಂಬದಿಂದ ಸೆಲ್ಫಿನ ಮೈಗೆ ಹಿಡಿದರೆ 2.5, ಇಲ್ಲಿ 0.3ಕ್ಕಿಂತ ಹೆಚ್ಚಿರಕೂಡದು. ಕಳ್ಳ ಸಿಕ್ಕಿದ. ಬ್ಯಾಟರಿಯೂ ಸರಿ, ಸೆಲ್ಫೂ ಸರಿ. ಕೆಟ್ಟಿರುವುದು ಅರ್ತ್ ಪಟ್ಟಿ. ಅದನ್ನು ಬಿಚ್ಚಿ, ಕೂರುವ ಜಾಗದ ಬಣ್ಣ ಮತ್ತು ತುಕ್ಕನ್ನು ಉಜ್ಜಿ ತೆಗೆದು, ಹಲ್ಲಿನ ವಾಷರ್ ಹಾಕಿ ಬಿಗಿದರೆ ಕೆಲಸ ಮುಗಿಯಿತು. ಪಟ್ಟಿ ಹಸಿರುಗಟ್ಟಿ ಎಳೆ ಉದುರುತ್ತಿದ್ದರೆ ಹೊಸದನ್ನೇ ಹಾಕಬೇಕು.

ಕಂಬದಿಂದ ಕಂಬಕ್ಕೇ 9.5 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲ, ಅಥವಾ ಸೆಲ್ಫ್ ಅತಿಯಾಗಿ ಎಳೆಯುತ್ತಿದೆ. ಪೂರ್ಣ ಚಾರ್ಜಾದ ಬೇರೊಂದು ಬ್ಯಾಟರಿ ಇಟ್ಟು ನೋಡಿದರೆ ಯಾವುದೆಂದು ತೀರ್ಮಾನವಾಗುತ್ತದೆ.

ಎಂಜಿನ್ ಚೆನ್ನಾಗಿ ಹೊರಳಿದರೂ ಚಳಿಗಾಲದ ಬೆಳಿಗ್ಗೆ ಹತ್ತಿಕೊಳ್ಳದಿದ್ದರೆ ಹೀಟರ್ ಪ್ಲಗ್ಗುಗಳನ್ನು ನೋಡಬೇಕು. ಪ್ಲಗ್ಗುಗಳನ್ನು ಸೇರಿಸುವ ಪಟ್ಟಿಯನ್ನು ಬಿಚ್ಚಿ, ಪರೀಕ್ಷಾ ದೀಪದ ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವ್‌ಗೆ ಕಚ್ಚಿಸಿ, ಮೊಳೆಯನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಹಿಡಿಯಬೇಕು. ದೀಪ ಉರಿದರೆ ಒಳಗಿನ ಸುರುಳಿ ತುಂಡಾಗಿಲ್ಲ; ಉರಿಯದಿದ್ದರೆ ಆ ಪ್ಲಗ್ಗು ಹೋಗಿದೆ.

ಜೀಪಿನ ಬ್ಯಾಟರಿಯಿಂದ ಚಾಲೂ ಮಾಡುವ ಸಂದರ್ಭ ಬಂದರೆ ಎರಡೂ 12 ವೋಲ್ಟಿನವೇ, ಎರಡಕ್ಕೂ ನೆಗೆಟಿವ್ ಅರ್ತೇ ಎಂದು ನೋಡಿಕೊಳ್ಳಬೇಕು. ಪಾಸಿಟಿವ್‌ಗೆ ಪಾಸಿಟಿವ್ ಮೊದಲು. ಆಮೇಲೆ ಜೀಪಿನ ನೆಗೆಟಿವ್‌ನಿಂದ ಬಂದ ತಂತಿಯನ್ನು ಟ್ರ್ಯಾಕ್ಟರಿನ ಬ್ಯಾಟರಿಯಿಂದ ದೂರದಲ್ಲಿ, ಎಂಜಿನ್ನಿನ ಮೈಗೆ ಕಚ್ಚಿಸಬೇಕು. ಕಿಡಿ ಹಾರಿದರೂ ಅನಿಲದ ಹತ್ತಿರ ಹಾರದು.

ಚಾರ್ಜ್ ಆಗದಿದ್ದರೆ

ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಬ್ಯಾಟರಿಯ ಕಂಬಗಳಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. 12.5ರಲ್ಲಿಯೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ. ಮೊದಲು ಬೆಲ್ಟು ನೋಡಬೇಕು; ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಿದರೆ ಸರಿ. ನಂತರ ಆಲ್ಟರ್ನೇಟರಿನ ದಪ್ಪ ಟರ್ಮಿನಲ್‌ನಿಂದ ಬ್ಯಾಟರಿಯ ಪಾಸಿಟಿವ್‌ಗೆ ಅಳೆದು, 0.3 ವೋಲ್ಟಿಗಿಂತ ಹೆಚ್ಚು ನಷ್ಟವಿದ್ದರೆ ಆ ತಂತಿಯ ತುದಿಗಳನ್ನು ಶುಚಿಮಾಡಬೇಕು. ಕೆಲವು ಆಲ್ಟರ್ನೇಟರುಗಳು ಡ್ಯಾಷ್‌ಬೋರ್ಡಿನ ಕೆಂಪು ಚಾರ್ಜ್ ದೀಪದ ಮೂಲಕವೇ ಮೊದಲ ಪ್ರಚೋದನೆ ಪಡೆಯುತ್ತವೆ. ಆ ಸಣ್ಣ ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರ್ ಸರಿಯಿದ್ದೂ ಚಾರ್ಜ್ ಆಗದು. ಕೀಲಿ ಹಾಕಿದಾಗ ಕೆಂಪು ದೀಪ ಹತ್ತುತ್ತದೆಯೇ ಎಂದು ನೋಡದೆ ಆಲ್ಟರ್ನೇಟರನ್ನು ಬಿಚ್ಚಬಾರದು.

15 ವೋಲ್ಟ್ ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿದು ನೀರು ಬೇಗ ಇಂಗುತ್ತದೆ, ಬಲ್ಬುಗಳು ಪದೇ ಪದೇ ಹೋಗುತ್ತವೆ. ಡೈನಮೊ ಮತ್ತು ಕಟ್-ಔಟ್ ಇರುವ ಬಹಳ ಹಳೆಯ ಯಂತ್ರವಾದರೆ ಕಟ್-ಔಟ್ ಹೊಂದಿಸುವ ಕೆಲಸವನ್ನು ತಿಳಿದ ಆಟೋ ಎಲೆಕ್ಟ್ರಿಷಿಯನ್ನರಿಗೆ ಬಿಡುವುದು ಲೇಸು. ಆಲ್ಟರ್ನೇಟರ್ ಇರುವ ಯಂತ್ರದಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯ ತಂತಿಯನ್ನು ತೆಗೆದು ನೋಡುವ ಹಳೆಯ ಪರೀಕ್ಷೆ ಕೂಡಲೇ ಕೂಡದು. ಒಳಗಿನ ಡಯೋಡುಗಳು ಸುಡುತ್ತವೆ. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಮತ್ತು ಆಲ್ಟರ್ನೇಟರಿನ ಸಂಪರ್ಕ ತೆಗೆದಿರಬೇಕು.

ಚೆನ್ನಾಗಿ ಚಾರ್ಜಾದ ಬ್ಯಾಟರಿ ಎರಡು ದಿನ ನಿಂತರೆ ಬರಿದಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಕೀಲಿ ಮುಚ್ಚಿ, ನೆಗೆಟಿವ್ ತಂತಿ ಬಿಚ್ಚಿ, ಕಂಬಕ್ಕೂ ಆ ತಂತಿಗೂ ನಡುವೆ ಪರೀಕ್ಷಾ ದೀಪ ಸೇರಿಸಬೇಕು. ದೀಪ ಮಿನುಗಿದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಬೇಕು. ಯಾವುದನ್ನು ಕಿತ್ತಾಗ ದೀಪ ಆರುತ್ತದೋ ಸೋರಿಕೆ ಆ ದಾರಿಯಲ್ಲಿದೆ. ಎಲ್ಲ ಫ್ಯೂಸು ಕಿತ್ತರೂ ಆರದಿದ್ದರೆ ಫ್ಯೂಸಿಲ್ಲದ ದಾರಿಯನ್ನು, ಅಂದರೆ ಆಲ್ಟರ್ನೇಟರನ್ನು ಮತ್ತು ಕೀಲಿಯನ್ನು ಶಂಕಿಸಬೇಕು.

ಫ್ಯೂಸ್ ಮತ್ತೆ ಮತ್ತೆ ಸುಟ್ಟರೆ

ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ತಂತಿ ಕಟ್ಟುವುದು ಕಂಡುಬರುತ್ತದೆ. ಫ್ಯೂಸ್ ಇರುವುದು ತಾನು ಸುಟ್ಟು ತಂತಿಯನ್ನು ಉಳಿಸಲಿಕ್ಕೆ. ಅದು ಸುಡದಿದ್ದರೆ ಸುಡುವುದು ತಂತಿ. ತಂತಿಯ ಪಕ್ಕದಲ್ಲಿ ಡೀಸೆಲ್ ನಳಿಕೆ. ಟ್ರ್ಯಾಕ್ಟರಿನ ಪಕ್ಕದಲ್ಲಿ ಒಣ ಹುಲ್ಲು, ಅಡಿಕೆ ಸಿಪ್ಪೆ, ಮೇಲೆ ಸೋಗೆಯ ಮಾಡು. ಒಂದು ಬೆಳ್ಳಿ ಕಾಗದಕ್ಕೆ ಒಂದು ವರ್ಷದ ಫಸಲನ್ನು ಒತ್ತೆ ಇಟ್ಟಂತೆ.

ಶಾರ್ಟ್ ಹುಡುಕುವ ಕ್ರಮ ಹೀಗಿದೆ. ಆ ದಾರಿಯ ಬಲ್ಬುಗಳನ್ನೆಲ್ಲ ತೆಗೆಯಬೇಕು. ಫ್ಯೂಸಿನ ಜಾಗದಲ್ಲಿ 21 ವಾಟಿನ ಬಲ್ಬೊಂದನ್ನು ಸೇರಿಸಿ ಸ್ವಿಚ್ಚು ಹಾಕಬೇಕು. ಶಾರ್ಟ್ ಇದ್ದರೆ ಈ ಬಲ್ಬು ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆ, ತಂತಿಗೆ ಅಪಾಯವಿಲ್ಲ. ಈಗ ತಂತಿಯ ಕಟ್ಟನ್ನು ಒಂದು ಕಡೆಯಿಂದ ಅಲುಗಿಸುತ್ತ, ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತ ಬರಬೇಕು. ಬಲ್ಬು ಆರಿದ ಕ್ಷಣ ಕೈ ಇರುವ ಜಾಗದಲ್ಲಿ, ಅಥವಾ ಆಗ ತಾನೇ ಬಿಚ್ಚಿದ ಭಾಗದಲ್ಲಿ ದೋಷವಿದೆ. ತಂತಿ ತಗಡಿನ ರಂಧ್ರದಲ್ಲಿ ಹಾಯುವ ಜಾಗ, ಸೈಲೆನ್ಸರಿನ ಬಳಿ, ಸ್ಟೀರಿಂಗಿನ ಕೆಳಗೆ, ಸೀಟಿನ ಸ್ಪ್ರಿಂಗಿನ ಅಡಿ, ಈ ನಾಲ್ಕು ಕಡೆ ಮೊದಲು ನೋಡಬೇಕು.

ದೀಪಗಳು ಮಂಕಾದರೆ

ಮಂಕು ದೀಪಕ್ಕೆ ದೊಡ್ಡ ಬಲ್ಬು ಹಾಕುವುದು ಪರಿಹಾರವಲ್ಲ. ಸಾಧಾರಣ ತಂತು ಬಲ್ಬಿಗೆ ವೋಲ್ಟ್ ನೂರಕ್ಕೆ ಹತ್ತು ಭಾಗ ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಭಾಗ ಕಡಿಮೆಯಾಗುತ್ತದೆ. 55 ವಾಟಿನ ಎರಡು ದೀಪಗಳು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಐದು ಮೀಟರ್ ಉದ್ದದ, 1 ಚದರ ಮಿಲಿಮೀಟರಿನ ತಂತಿಯಲ್ಲಿ ಇದಕ್ಕೆ ಸುಮಾರು 0.8 ವೋಲ್ಟ್ ನಷ್ಟ, 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಸುಮಾರು 0.3 ಮಾತ್ರ.

ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಮಿಣುಕುವುದು, ಬ್ರೇಕು ತುಳಿದರೆ ಇನ್ನೊಂದು ದೀಪ ಮಂಕಾಗುವುದು, ಇಂತಹ ವಿಚಿತ್ರಗಳಿಗೆಲ್ಲ ಕಾರಣ ಆ ದೀಪದ ಅರ್ತ್ ಕೆಟ್ಟು ವಿದ್ಯುತ್ತು ಬೇರೆ ಬಲ್ಬಿನ ಮೂಲಕ ಮನೆಗೆ ಮರಳುವುದೇ. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ತಂತಿಯನ್ನು ನೇರವಾಗಿ ದೀಪದ ಮೈಗೆ ಹಿಡಿದಾಗ ಸರಿಹೋದರೆ ಅರ್ತ್ ದೋಷವೆಂದು ಖಚಿತ.

ಟ್ರೇಲರಿನ ಹಿಂದಿನ ದೀಪಗಳಿಗೆ ಕೊಕ್ಕೆಯ ಪಿನ್ನನ್ನೇ ಅರ್ತ್ ಎಂದು ನಂಬಬಾರದು. ಪ್ಲಗ್ಗಿನಲ್ಲಿ ಪ್ರತ್ಯೇಕ ಅರ್ತ್ ತಂತಿ ಇರಬೇಕು. ಮಳೆಗಾಲದ ಸಂಜೆ, ಮಂಜು ಕವಿದ ತಿರುವಿನಲ್ಲಿ, ಹಿಂದಿನಿಂದ ಬರುವ ಲಾರಿಗೆ ಕಾಣುವುದು ಆ ಎರಡು ಕೆಂಪು ಚುಕ್ಕಿಗಳು ಮಾತ್ರ. ತಂತಿ ಕೈಕೊಟ್ಟರೂ ಕಾಣಲೆಂದು ಕೆಂಪು ಪ್ರತಿಫಲಕಗಳನ್ನೂ ಹಚ್ಚತಕ್ಕದ್ದು.

ಬ್ಯಾಟರಿಯೇ ಇಲ್ಲದ ಪವರ್ ಟಿಲ್ಲರುಗಳಲ್ಲಿ ದೀಪಕ್ಕೆ ವಿದ್ಯುತ್ತು ಎಂಜಿನ್ನಿನೊಡನೆ ತಿರುಗುವ ಕಾಂತ ಮತ್ತು ಸುರುಳಿಯಿಂದ ಬರುತ್ತದೆ. ಇದು ದಿಕ್ಕು ಬದಲಿಸುವ ವಿದ್ಯುತ್ತಾದುದರಿಂದ ಮೀಟರನ್ನು ಎ.ಸಿ. ಅಳತೆಗೆ ಇಡಬೇಕು. ನಿಯಂತ್ರಕವಿಲ್ಲದ ಯಂತ್ರದಲ್ಲಿ ಒಂದು ಬಲ್ಬು ಹೋದರೆ ಉಳಿದದ್ದರ ಮೇಲೆ ಹೆಚ್ಚು ವೋಲ್ಟ್ ಬಿದ್ದು ಅದೂ ಹೋಗುತ್ತದೆ. ತಯಾರಕರು ಹೇಳಿದ ವಾಟಿನ ಬಲ್ಬನ್ನೇ ಹಾಕಬೇಕು.

ತಂತಿ ಬದಲಿಸುವ ಕ್ರಮ

ಎರಡು ತಂತಿಗಳನ್ನು ಹೊಸೆದು ಟೇಪು ಸುತ್ತಿದ ಗಂಟು ಮಲೆನಾಡಿನ ಮಳೆಯಲ್ಲಿ ಬಾಳದು. ಒಳಗೆ ನೀರು ಸೇರಿ ತಾಮ್ರ ಹಸಿರಾಗುತ್ತದೆ. ಸರಿಯಾದ ಅಳತೆಯ ಲಗ್ಗು ಅಥವಾ ಜೋಡುನಳಿಗೆಯನ್ನು ಅದಕ್ಕೆಂದೇ ಇರುವ ಇಕ್ಕಳದಲ್ಲಿ ಒತ್ತಿ, ಮೇಲೆ ಕಾಯಿಸಿದರೆ ಕುಗ್ಗುವ ನಳಿಗೆ ಹಾಕಬೇಕು. ಬೆಸುಗೆ ಹಾಕುವುದಾದರೆ ರಾಳ ತುಂಬಿದ ಸೀಸವನ್ನೇ ಬಳಸಬೇಕು. ಆಮ್ಲದ ಬೆಸುಗೆ ಮದ್ದು ತಂತಿಯನ್ನು ತಿನ್ನುತ್ತದೆ. ಬೆಸುಗೆಯ ಅಂಚಿನಲ್ಲಿ ತಂತಿ ಅದುರಿ ತುಂಡಾಗುವುದರಿಂದ ಅದರ ಹತ್ತಿರವೇ ಒಂದು ಕ್ಲಿಪ್ಪು ಹಾಕಿ ಭದ್ರಪಡಿಸಬೇಕು.

ಹಿಂದಿನ ದೀಪ, ಮೀಟರುಗಳಿಗೆ 1 ಚದರ ಮಿಲಿಮೀಟರ್. ಮುಂದಿನ ದೀಪಗಳಿಗೆ 2.5, ಚಾರ್ಜಿನ ತಂತಿಗೆ 6, ಸೆಲ್ಫ್ ಮತ್ತು ಅರ್ತ್ ಕೇಬಲ್ಲಿಗೆ 25ರಿಂದ 35, ಇದು ಸಣ್ಣ ಟ್ರ್ಯಾಕ್ಟರಿಗೆ ಸಾಕಾಗುವ ಪ್ರಮಾಣ. ಹಳೆಯ ತಂತಿಯ ಗಾತ್ರ ಗೊತ್ತಿಲ್ಲದಿದ್ದರೆ ಎಳೆ ಎಣಿಸಬಹುದು. 0.3 ಮಿಲಿಮೀಟರ್ ದಪ್ಪದ 14 ಎಳೆ ಇದ್ದರೆ ಸುಮಾರು 1 ಚದರ ಮಿಲಿಮೀಟರ್, 28 ಎಳೆಗೆ 2, 84 ಎಳೆಗೆ 6. ಮನೆಗೆ ಹಾಕುವ ಒಂದೇ ಎಳೆಯ ಗಟ್ಟಿ ತಂತಿ ಅದುರಿಗೆ ಮುರಿಯುತ್ತದೆ, ಟ್ರ್ಯಾಕ್ಟರಿಗೆ ಸಲ್ಲದು. ತಗಡಿನ ರಂಧ್ರಗಳಿಗೆಲ್ಲ ರಬ್ಬರ್ ಬಳೆ ಇರಬೇಕು. ಇಡೀ ತಂತಿಕಟ್ಟನ್ನು ಒಮ್ಮೆಗೇ ಕಿತ್ತುಹಾಕದೆ ಒಂದು ತಂತಿ ತೆಗೆದು ಒಂದನ್ನು ಹಾಕುತ್ತ ಹೋದರೆ ಗೊಂದಲವಾಗದು.

ಬಿಡಿಭಾಗಕ್ಕೆ ಬೆಂಗಳೂರಿಗೆ ಹೋಗುವವರಿಗೆ

ಹಳೆಯ ಯಂತ್ರದ ಭಾಗ ಊರಿನ ಪೇಟೆಯಲ್ಲಿ ಸಿಗದಿದ್ದಾಗ ಸದಸ್ಯರು ಬೆಂಗಳೂರಿಗೆ ಹೋಗುವುದುಂಟು. ವಿಶ್ವೇಶ್ವರಪುರಂ ಬಡಾವಣೆಯ ಮಗ್ಗುಲಿನ ಮಿನರ್ವ ವೃತ್ತದಿಂದ ಪುರಭವನದ ಕಡೆಗೆ ಹೋಗುವ ಜಯಚಾಮರಾಜೇಂದ್ರ ರಸ್ತೆ ವಾಹನಗಳ ಬಿಡಿಭಾಗದ ಅಂಗಡಿಗಳಿಗೆ ಹೆಸರಾದದ್ದು. ವಿಶ್ವೇಶ್ವರಪುರದಲ್ಲಿ ನೆಂಟರ ಮನೆಯಲ್ಲಿ ಇಳಿದವರು ನಡೆದೇ ಹೋಗಬಹುದು. ಹೋಗುವಾಗ ಹಳೆಯ ಭಾಗವನ್ನೇ ಜೊತೆಗೆ ಒಯ್ಯಬೇಕು. ಎಂಜಿನ್ ಮತ್ತು ಚಾಸಿಯ ತಗಡಿನ ಮೇಲಿನ ಸಂಖ್ಯೆ, ಭಾಗದ ಮೇಲೆ ಅಚ್ಚಾದ ಸಂಖ್ಯೆ, ಎಷ್ಟು ವೋಲ್ಟ್, ಸೆಲ್ಫಾದರೆ ಪಿನಿಯನ್ನಿನ ಹಲ್ಲುಗಳೆಷ್ಟು, ಆಲ್ಟರ್ನೇಟರಾದರೆ ಪುಲ್ಲಿಯ ಅಗಲವೆಷ್ಟು, ಇವನ್ನು ಬರೆದುಕೊಂಡಿರಬೇಕು. ತಂತಿ ಕೊಳ್ಳುವಾಗ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಅಷ್ಟೇ ಗಾತ್ರಕ್ಕೆ ಅಷ್ಟು ವಿದ್ಯುತ್ತನ್ನು ಹೊರಲಾರದು.

ಮೈಲುತುತ್ತ, ಇಲಿ ಮತ್ತು ಮಳೆ

ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬುದು ನಮಗೆಲ್ಲ ಗೊತ್ತು. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು. ಕತ್ತಿಗೆ ಆಗುವುದೇ ಟ್ರ್ಯಾಕ್ಟರಿನ ಬೋಲ್ಟಿಗೂ ಅರ್ತ್ ಕೂರುವ ಜಾಗಕ್ಕೂ ಆಗುತ್ತದೆ: ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ಆದುದರಿಂದ ಡ್ರಮ್ಮು ಹೊತ್ತ ದಿನ ಸಂಜೆ ಟ್ರ್ಯಾಕ್ಟರನ್ನು ಶುದ್ಧ ನೀರಿನಿಂದ ತೊಳೆಯುವುದು ಕಡ್ಡಾಯವೆಂದು ತಿಳಿಯಬೇಕು. ಆಲ್ಟರ್ನೇಟರು, ಕೀಲಿ, ಫ್ಯೂಸ್ ಪೆಟ್ಟಿಗೆಗಳಿಗೆ ನೇರವಾಗಿ ನೀರು ಹೊಡೆಯಬಾರದು.

ಕೊಟ್ಟಿಗೆಯಲ್ಲಿ ಬಹುಕಾಲ ನಿಲ್ಲಿಸುವಾಗ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಬೇಕು. ಕೆಳಗೆ ಧಾನ್ಯ, ಹಿಂಡಿ ಚೆಲ್ಲಿದ್ದರೆ ಇಲಿ ಬರುತ್ತದೆ. ಬಂದ ಇಲಿ ತಂತಿಯ ಹೊದಿಕೆಯನ್ನೂ ಬಿಡುವುದಿಲ್ಲ. ಬಾನೆಟ್ಟು ತೆರೆದು ಗೂಡು ಕಟ್ಟಿದೆಯೇ ಎಂದು ನೋಡದೆ ಮಳೆಗಾಲದ ನಂತರ ಮೊದಲ ಬಾರಿ ಕೀಲಿ ಹಾಕಬಾರದು.

ವರ್ಷದಲ್ಲಿ ಎರಡು ದಿನ ಈ ಕೆಲಸಕ್ಕೆ ಮೀಸಲಿಟ್ಟರೆ ಸಾಕು. ಒಂದು ಮೇ ತಿಂಗಳಲ್ಲಿ, ಮೊದಲ ಔಷಧಿಗೆ ಮುಂಚೆ. ಇನ್ನೊಂದು ಅಕ್ಟೋಬರಿನಲ್ಲಿ, ಕೊಯ್ಲು ಆರಂಭವಾಗುವ ಮೊದಲು. ಆ ದಿನ ಎಲ್ಲ ಅರ್ತ್ ಬೋಲ್ಟುಗಳನ್ನು ಬಿಚ್ಚಿ ಉಜ್ಜಿ ಬಿಗಿಯಬೇಕು. ನಿಂತಾಗ, ಸೆಲ್ಫ್ ತಿರುಗುವಾಗ, ಎಂಜಿನ್ ಓಡುವಾಗ, ಹೀಗೆ ಮೂರು ವೋಲ್ಟ್ ಅಳತೆಗಳನ್ನು ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹಿಂದಿನ ಅಳತೆಗಿಂತ ಅರ್ಧ ವೋಲ್ಟ್ ಇಳಿದಿದ್ದರೆ ಯಂತ್ರ ತನ್ನ ಕಷ್ಟವನ್ನು ಮುಂಚಿತವಾಗಿಯೇ ಹೇಳುತ್ತಿದೆ ಎಂದು ತಿಳಿದು, ಆಳುಗಳು ಬರುವ ದಿನದವರೆಗೆ ಕಾಯದೆ ಆ ದಿನವೇ ಕಾರಣ ಹುಡುಕತಕ್ಕದ್ದು.